ಗುಡ್ಡ ಇಳಿಯೋ ಸೈಕಲ್‌ಗೆ ಎಂಥ ಶಾಕ್ ಬೇಕು? ಗೋಕಾಕ, ಮೂಡಲಗಿ, ಹುಕ್ಕೇರಿ ಹುಡುಗರು ಕೇಳದೇ ಬಿಟ್ಟ ಪ್ರಶ್ನೆ

ಗೋಕಾಕ: ಭಾನುವಾರ ಬೆಳಿಗ್ಗೆ ಯೋಗಿಕೊಳ್ಳದ ಕಡೆಗಿನ ಗುಡ್ಡದ ಬುಡದಲ್ಲಿ ಅರ್ಧ ತಾಸು ನಿಂತು ನೋಡಿ. ಏಳೆಂಟು ಹುಡುಗರು ಗೇರ್ ಸೈಕಲ್ ದೂಡಿಕೊಂಡು ಕಾಲುದಾರಿ ಹತ್ತುತ್ತಾರೆ. ಮೇಲೆ ಹೋಗಿ ಒಬ್ಬ ಮೊಬೈಲ್ ಹಿಡಿದು ನಿಲ್ಲುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಕಲ್ಲು ಬಂಡೆ ಹಾರಿಸುತ್ತ ಕೆಳಗೆ ಬರುತ್ತಾರೆ. ಸೈಕಲ್ ನೋಡಲು ಭರ್ಜರಿ. ದಪ್ಪ ಟಯರ್, ಡಿಸ್ಕ್ ಬ್ರೇಕ್, ಮುಂದೆ ತೋಳಿನಷ್ಟು ದಪ್ಪ ಕಾಣುವ ಶಾಕ್. ಹೆಲ್ಮೆಟ್ ಮಾತ್ರ ಒಬ್ಬರ ತಲೆ ಮೇಲೂ ಇಲ್ಲ.

ಇದಕ್ಕೀಗ ಇನ್ನಷ್ಟು ಹುಡುಗರು ಸೇರಿಕೊಳ್ಳುವ ಕಾಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 10 ಸಾವಿರ ಬೆಲೆಯ ಸೈಕಲ್ ಮೊದಲು 11,200 ಬೀಳುತ್ತಿತ್ತು, ಈಗ 10,500. ಏಳುನೂರು ರೂಪಾಯಿ ಸಣ್ಣದೇನಲ್ಲ, ಮನೆಯಲ್ಲಿ ಅಪ್ಪನನ್ನು ಒಪ್ಪಿಸಲು ಒಂದು ನೆಪ ಸಿಕ್ಕಂತಾಯಿತು. ಅಂಗಡಿಗೆ ಹೋದ ಹುಡುಗ ಮೊದಲು ಕೇಳೋದು ಒಂದೇ: "ಅಣ್ಣಾ, ಶಾಕ್ ಐತೇನು?" ಐತಿ ಅಂದರೆ ಮುಗೀತು. ಆ ಶಾಕಿನ ಒಳಗೆ ಏನೈತಿ ಅಂತ ಯಾರೂ ಕೇಳುವುದಿಲ್ಲ. ಈ ಬರಹ ಇರುವುದೇ ಆ ಕೇಳದ ಪ್ರಶ್ನೆ ಬಗ್ಗೆ. ಯಾಕಂದ್ರೆ ಹಲ್ಲು, ಕೈ, ಕುತ್ತಿಗೆ ಮುರಿಯೋದು ಅಲ್ಲಿಂದಲೇ ಶುರು.

ನನ್ನ ವಯಸ್ಸಿನವರಿಗೆ ಶಾಕ್ ಅನ್ನೋದೇ ಇರಲಿಲ್ಲ. ನಮಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರದ ಸೈಕಲ್ ಬಂತು. 2006-07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. ಆ ಸೈಕಲ್ಲಿನ ಮುಂದಿನ ಫೋರ್ಕ್ ಗಟ್ಟಿ ಕಬ್ಬಿಣದ್ದು, ಅಲ್ಲಾಡುವ ಭಾಗ ಒಂದೂ ಇಲ್ಲ. ಗುಂಡಿಗೆ ಬಿದ್ದರೆ ನೇರ ಮೊಣಕೈಗೆ ಏಟು. ಆದರೆ ಅದರಲ್ಲಿ ಒಂದು ಒಳ್ಳೇ ಗುಣ ಇತ್ತು. ತಾನು ಗುಡ್ಡ ಇಳಿಯೋ ಸೈಕಲ್ ಅಂತ ಅದು ಯಾವತ್ತೂ ಸುಳ್ಳು ಹೇಳಲಿಲ್ಲ. ಅದಕ್ಕೇ ನಾವೂ ಇಳಿಸಲಿಲ್ಲ. ಈಗಿನ ಸೈಕಲ್ ಮೈಮೇಲೆ "ಎಂಟಿಬಿ" ಅಂತ, ಅಂದ್ರೆ ಮೌಂಟನ್ ಬೈಕ್ ಅಂತ, ದೊಡ್ಡದಾಗಿ ಬರೆದುಕೊಂಡೇ ಬರುತ್ತದೆ.

ಸ್ಪ್ರಿಂಗ್ ಐತಿ, ಆಯಿಲ್ ಇಲ್ಲ

ಮನೆಯ ಮುಂದೆ ನಿಂತಿರುವ ಸ್ಪ್ಲೆಂಡರ್ ನೋಡಿ. ಮುಂದಿನ ಎರಡು ಕೊಳವೆಯ ಒಳಗೆ ಸ್ಪ್ರಿಂಗ್ ಇದೆ, ಜೊತೆಗೆ ಆಯಿಲ್ ಇದೆ. ಗಾಡಿ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಒತ್ತಿದ ಸ್ಪ್ರಿಂಗ್ ಅಷ್ಟೇ ಜೋರಾಗಿ ವಾಪಸ್ ಜಿಗಿಯಲು ನೋಡುತ್ತದೆ. ಆಗ ಆಯಿಲ್ ಸಣ್ಣ ತೂತಿನಿಂದ ಹಾದು ಹೋಗಬೇಕಾಗಿ ಬರುವುದರಿಂದ ಆ ಜಿಗಿತ ನಿಧಾನವಾಗುತ್ತದೆ. ಏಟಿನ ಶಕ್ತಿ ಆಯಿಲಿನಲ್ಲಿ ಬಿಸಿಯಾಗಿ ಕರಗುತ್ತದೆ. ಗ್ಯಾರೇಜಿನವರು "ಶಾಕ್ ಆಯಿಲ್ ಹೋಗೇತಿ, ಸೀಲ್ ಹಾಕಸ್ರಿ" ಅನ್ನುವುದು ಇದಕ್ಕೇ. ಆಯಿಲ್ ಸೋರಿಹೋದ ಬೈಕ್ ಓಡಿಸಿದವರಿಗೆ ಗೊತ್ತು, ಮುಂದಿನ ಗಾಲಿ ಕುದುರೆಯಂತೆ ಕುಣಿಯುತ್ತದೆ.

ಹತ್ತು ಹನ್ನೆರಡು ಸಾವಿರದ ಗೇರ್ ಸೈಕಲ್ಲುಗಳ ಶಾಕ್ ಹೆಚ್ಚಿನಂಶ ಹುಟ್ಟಿದಾಗಿನಿಂದಲೇ ಆಯಿಲ್ ಇಲ್ಲದ್ದು. ಒಳಗೆ ಒಂದು ಸ್ಪ್ರಿಂಗ್, ಒಂದು ರಬ್ಬರ್ ತುಂಡು, ಒಂದಿಷ್ಟು ಗ್ರೀಸ್. ಅಂಗಡಿ ಮುಂದೆ ಹ್ಯಾಂಡಲ್ ಹಿಡಿದು ಒತ್ತಿದರೆ ಮೆತ್ತಗೆ ಇಳಿಯುತ್ತದೆ, ನಮಗೆ ಖುಷಿ. ಗುಡ್ಡದಲ್ಲಿ ಅದೇ ಸ್ಪ್ರಿಂಗ್ ಮೊದಲ ಕಲ್ಲಿಗೆ ಒತ್ತಿಕೊಂಡು ಎರಡನೇ ಕಲ್ಲು ಬರುವ ಹೊತ್ತಿಗೆ ಹ್ಯಾಂಡಲ್ಲನ್ನು ಮೇಲಕ್ಕೆ ಎಸೆಯುತ್ತದೆ. ಆಗ ಗಾಲಿ ನೆಲ ಬಿಡುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕ್ ಹತ್ತುವುದಿಲ್ಲ, ತಿರುವೂ ಕೇಳುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಎರಡು ವರ್ಷದ ಹಿಂದೆ ಗೆಳೆಯನ ಸೈಕಲ್ ಇಸಕೊಂಡು ಅದೇ ಕಾಲುದಾರಿ ಇಳಿದೆ. ಗೋಕಾಕದ ಗುಡ್ಡ ಮರಳುಗಲ್ಲಿನದು, ಮೆಟ್ಟಿಲು ಮೆಟ್ಟಿಲಾಗಿ ಒಡೆದಿರುತ್ತದೆ. ಒಂದರ ಹಿಂದೆ ಒಂದು ಮೂರು ಮೆಟ್ಟಿಲು. ಮೊದಲನೆಯದಕ್ಕೆ ಶಾಕ್ ಪೂರ್ತಿ ಕೆಳಗೆ ಬಡಿದು "ಟಣ್" ಅಂತು, ಎರಡನೆಯದಕ್ಕೆ ನನ್ನ ಕೈ ಹ್ಯಾಂಡಲ್ ಬಿಟ್ಟಿತು, ಮೂರನೆಯದು ನೆನಪಿಲ್ಲ. ಮೊಣಕೈಯಲ್ಲಿ ಏಳು ಹೊಲಿಗೆ. ಮರುದಿನ ರಿಪೇರಿ ಕಾಕಾ ಶಾಕ್ ಬಿಚ್ಚಿ ತೋರಿಸಿದರು: "ನೋಡ್ ತಮ್ಮಾ, ಇದರಾಗ ಏನೈತಿ? ಪೆನ್ನಿನ ಸ್ಪ್ರಿಂಗ್ ದೊಡ್ಡದು ಮಾಡಿ ಇಟ್ಟಾರು, ಅಷ್ಟ." ಅವರು ಉತ್ಪ್ರೇಕ್ಷೆ ಮಾಡಿದ್ದರು, ಆದರೆ ಬಹಳ ಅಲ್ಲ.

ತಮಾಷೆ ಅಂದ್ರೆ ಸೈಕಲ್ಲಿಗೆ ಶಾಕ್ ಬಂದದ್ದೇ ಮೋಟರ್‌ಸೈಕಲ್ ಲೋಕದಿಂದ. ಪಾಲ್ ಟರ್ನರ್ ಎಂಬ ಅಮೆರಿಕದವರು 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಶುರು ಮಾಡಿ ಆರ್‌ಎಸ್-1 ಎಂಬ ಫೋರ್ಕ್ ತಂದರು. ಮರುವರ್ಷ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಇದೇ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್ ಗೆದ್ದರು. ಆ ಫೋರ್ಕ್ ಕುಸಿಯುತ್ತಿದ್ದದ್ದು ಎರಡು ಇಂಚಿನ ಒಳಗೆ, ಆದರೆ ಅದರೊಳಗೆ ಆಯಿಲ್ ಇತ್ತು. ಇವತ್ತು ನಮ್ಮ ಅಂಗಡಿಗಳಲ್ಲಿ ನಾಲ್ಕು ಇಂಚು ಕುಸಿಯುವ, ಆಯಿಲ್ ಇಲ್ಲದ ಶಾಕ್ ಸಿಗುತ್ತದೆ. ಯಾವುದು ಮುಂದುವರಿದದ್ದು ನೀವೇ ಹೇಳಿ.

ಅಸಲಿ ಡೌನ್‌ಹಿಲ್ ಫೋರ್ಕ್ ಅಂದ್ರೆ

ಡೌನ್‌ಹಿಲ್ ಅನ್ನೋದು ಒಂದು ಪ್ರತ್ಯೇಕ ಸ್ಪರ್ಧೆ. ಮೇಲಿಂದ ಕೆಳಗೆ ಒಬ್ಬೊಬ್ಬರೇ ಗಡಿಯಾರದ ಎದುರು ಇಳಿಯುವುದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಇಳಿತ 2ರಿಂದ 5 ನಿಮಿಷದ್ದು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಅದಕ್ಕೆ ಬಳಸುವ ಫೋರ್ಕ್ ಸುಮಾರು 200 ಮಿ.ಮೀ. ಕುಸಿಯುತ್ತದೆ, ಅಂದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಕೊಳವೆಗಳನ್ನು ಹಿಡಿಯುವ ಪಟ್ಟಿ ಹ್ಯಾಂಡಲ್ ಕೆಳಗೆ ಒಂದು, ಫ್ರೇಮಿನ ತಲೆಯ ಕೆಳಗೆ ಇನ್ನೊಂದು, ಹೀಗೆ ಎರಡು ಇರುತ್ತವೆ. ಮೋಟರ್‌ಸೈಕಲ್ಲಿನ ಹಾಗೇ. ಇದಕ್ಕೆ ಡ್ಯುಯಲ್ ಕ್ರೌನ್ ಅಂತಾರೆ. ಒಳಕೊಳವೆ 38ರಿಂದ 40 ಮಿ.ಮೀ. ದಪ್ಪ. ಫಾಕ್ಸ್ 40, ರಾಕ್‌ಶಾಕ್ಸ್ ಬಾಕ್ಸರ್ ಈ ವರ್ಗದ ಹೆಸರುವಾಸಿಗಳು, ಸನ್‌ಟೂರ್ ಕಂಪನಿಯದು ರಕ್ಸ್. ನಮ್ಮ ಗೇರ್ ಸೈಕಲ್ಲಿನ ಶಾಕ್‌ನ ಒಳಕೊಳವೆ ಸಾಮಾನ್ಯವಾಗಿ 28 ಅಥವಾ 30 ಮಿ.ಮೀ. ಹೊರಗಿನ ಕವಚ ದಪ್ಪ ಮಾಡಿರುತ್ತಾರೆ, ಅದನ್ನು ನೋಡಿ ಮೋಸ ಹೋಗಬ್ಯಾಡ್ರಿ. ಎತ್ತಿ ತೂಗಿ ನೋಡಿದರೂ ಗೊತ್ತಾಗುವುದಿಲ್ಲ, ಯಾಕಂದ್ರೆ ಅಗ್ಗದ್ದೂ ಎರಡೂವರೆ ಕಿಲೋ ಇರುತ್ತದೆ, ದುಬಾರಿಯದ್ದೂ ಹೆಚ್ಚುಕಮ್ಮಿ ಅಷ್ಟೇ.

ಬೆಲೆ ಕೇಳಿದರೆ ಕೂತುಬಿಡುತ್ತೀರಿ. ಮೇಲ್ದರ್ಜೆಯ ಡೌನ್‌ಹಿಲ್ ಫೋರ್ಕ್ ಹೊರದೇಶದಲ್ಲೇ ಸುಮಾರು 2 ಸಾವಿರ ಡಾಲರ್. ಇಲ್ಲಿಗೆ ಬರುವಷ್ಟರಲ್ಲಿ ಕಸ್ಟಮ್ಸ್ ಬೇರೆ. ಒಂದು ಫೋರ್ಕಿನ ದುಡ್ಡಿಗೆ ಹತ್ತಿರಹತ್ತಿರ ಎರಡು ಸ್ಪ್ಲೆಂಡರ್ ಬರುತ್ತವೆ.

ಇಷ್ಟಾದರೂ ಕೆಲ ಹುಡುಗರು ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಡ್ಯುಯಲ್ ಕ್ರೌನ್ ಹುಡುಕುತ್ತಿದ್ದಾರೆ. ಹಳೇ ಗೇರ್ ಸೈಕಲ್ಲಿಗೆ ಹಚ್ಚಿಸುವ ಆಸೆ. ಇದು ಮೂಗಿಗಿಂತ ಮೂಗುತಿ ಭಾರ ಅನ್ನೋ ಮಾತಿಗೆ ಸರಿಯಾದ ಉದಾಹರಣೆ, ಮತ್ತು ಇಲ್ಲಿ ಮೂಗು ನಿಜವಾಗಿಯೂ ಕಿತ್ತು ಬರುತ್ತದೆ. 100 ಮಿ.ಮೀ. ಶಾಕಿಗೆ ಅಂತ ಮಾಡಿದ ಫ್ರೇಮಿಗೆ 200 ಮಿ.ಮೀ. ಫೋರ್ಕ್ ಹಾಕಿದರೆ ಮುಂಭಾಗ ಮೇಲೆದ್ದು ನಿಲ್ಲುತ್ತದೆ. ಅಂದಾಜು 20 ಮಿ.ಮೀ. ಎತ್ತರಕ್ಕೆ ಫೋರ್ಕಿನ ಓಟ ಒಂದು ಡಿಗ್ರಿ ಮಲಗುತ್ತದೆ, ಅಂದ್ರೆ ಐದು ಡಿಗ್ರಿ. ತಿರುವು ಕೆಡುತ್ತದೆ, ಅದು ಬಿಡಿ. ಉದ್ದ ಫೋರ್ಕ್ ಸನ್ನೆಕೋಲಿನಂತೆ ಕೆಲಸ ಮಾಡಿ, ಪ್ರತಿ ಏಟೂ ಫ್ರೇಮಿನ ತಲೆ ಕೊಳವೆಯ ವೆಲ್ಡಿಂಗ್ ಮೇಲೆ ಬೀಳುತ್ತದೆ. ಒಂದು ದಿನ ಅದು ಬಿಟ್ಟುಕೊಳ್ಳುತ್ತದೆ, ಅದೂ ಜೋರಾಗಿ ಇಳಿಯುವಾಗಲೇ.

ಅಷ್ಟಕ್ಕೇ ಮುಗಿಯುವುದಿಲ್ಲ. ಡೌನ್‌ಹಿಲ್ ಫೋರ್ಕಿಗೆ 20 ಮಿ.ಮೀ. ದಪ್ಪದ ಅಚ್ಚು ಬೇಕು, ನಮ್ಮ ಸೈಕಲ್ಲಿನ ಮುಂದಿನ ಗಾಲಿಯದ್ದು 9 ಮಿ.ಮೀ. ಅಂದ್ರೆ ಹಬ್ ಹೊಸದು, ಗಾಲಿ ಹೊಸದು, ಬ್ರೇಕ್ ಹೊಸದು. ತಿರುಗಿಸಿದಾಗ ಫೋರ್ಕಿನ ಕೊಳವೆ ಫ್ರೇಮಿಗೆ ಬಡಿಯದ ಹಾಗೆ ರಬ್ಬರ್ ತಡೆ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಮೇಲಿನ ದಂಡ ಹಿಂದಿನ ಮಾಲೀಕ ಎಷ್ಟಕ್ಕೆ ಕೊಯ್ದಿದ್ದಾನೆ ನೋಡಬೇಕು, ಗಿಡ್ಡವಾದರೆ ನಿಮ್ಮ ಫ್ರೇಮಿಗೆ ಕೂರುವುದೇ ಇಲ್ಲ. ಒಳಕೊಳವೆ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಸಿಕ್ಕಿಕೊಂಡರೆ ಗೀರು ಆಳ ಇದೆ, ಸೀಲ್ ಹರಿಯುತ್ತದೆ, ಆಯಿಲ್ ನಿಲ್ಲುವುದಿಲ್ಲ.

ಡಬ್ಬಿಯೊಳಗಿನ ಪುಸ್ತಕ

ಸೈಕಲ್ ಜೊತೆ ಬರುವ ಸಣ್ಣ ಪುಸ್ತಕವನ್ನು ಯಾರೂ ಓದುವುದಿಲ್ಲ. ಎಷ್ಟೋ ಕಡೆ ಅದು ಗಿರಾಕಿ ಕೈಗೇ ಬರುವುದಿಲ್ಲ, ಡಬ್ಬಿ ಜೊತೆ ರದ್ದಿಗೆ ಹೋಗುತ್ತದೆ. ಅನೇಕ ದೊಡ್ಡ ಕಂಪನಿಗಳ ಪುಸ್ತಕದಲ್ಲಿ ಬಳಕೆಯನ್ನು 1ರಿಂದ 5ರವರೆಗೆ ಅಂಕಿ ಕೊಟ್ಟು ಹೇಳಿರುತ್ತಾರೆ. 1 ಅಂದರೆ ಡಾಂಬರು ರಸ್ತೆ. 2 ಅಂದರೆ ಕಚ್ಚಾ ರಸ್ತೆ, ಅರ್ಧ ಅಡಿಗಿಂತ ಕಡಿಮೆ ಎತ್ತರದಿಂದ ಇಳಿಸಬಹುದು. 3 ಅಂದರೆ ಒರಟು ಕಾಲುದಾರಿ, ಎರಡು ಅಡಿ ಒಳಗಿನ ಜಿಗಿತ. 4ಕ್ಕೆ ನಾಲ್ಕು ಅಡಿ. 5 ಮಾತ್ರ ನಿಜವಾದ ಡೌನ್‌ಹಿಲ್. ಮೈಮೇಲೆ ಎಂಟಿಬಿ ಅಂತ ಬರೆದ ಸೈಕಲ್ ಪುಸ್ತಕದೊಳಗೆ 2 ಆಗಿರುವುದು ಅಪರೂಪವೇನಲ್ಲ. ಜಿಗಿಸಿ ಮುರಿದ ಮೇಲೆ ವಾರಂಟಿ ಕೇಳಿದರೆ ಅದೇ ಪುಟ ತೆಗೆದು ತೋರಿಸುತ್ತಾರೆ.

ನನ್ನ ಪ್ರಕಾರ ತಾಲ್ಲೂಕು ಮಟ್ಟದಲ್ಲಿ ಆಗಬೇಕಾದ ಮೊದಲ ಕೆಲಸ ಇದು: ಆ ಅಂಕಿಯನ್ನು ಕನ್ನಡದಲ್ಲಿ, ಬೆಲೆ ಚೀಟಿಯ ಪಕ್ಕದಲ್ಲೇ ಅಂಟಿಸಲಿ. ಅಂಗಡಿಯವರಿಗೆ ಖರ್ಚು ಒಂದು ಕಾಗದ. "ಇದು ರಸ್ತೆಗೆ ಮಾತ್ರ" ಅಂತ ಓದಿದ ಮೇಲೂ ಗುಡ್ಡಕ್ಕೆ ಒಯ್ದರೆ ಅದು ಅವನ ಹಣೆಬರಹ. ಈಗ ಅವನು ಒಯ್ಯುತ್ತಿರುವುದು ಅಂಗಡಿಯಲ್ಲಿ ಕಂಡ ಶಾಕನ್ನು ನಂಬಿಕೊಂಡು.

ಹಂಗಾದ್ರ ಏನು ತಗೋಬೇಕು?

ಎಲ್ಲಿ ಓಡಿಸ್ತೀರಿ ಅನ್ನೋದರ ಮೇಲೆ. ನಮ್ಮ ಮೂರು ತಾಲ್ಲೂಕು ಅಕ್ಕಪಕ್ಕ ಇದ್ದರೂ ನೆಲ ಒಂದೇ ಅಲ್ಲ.

ಮೂಡಲಗಿಯವರಿಗೆ ಉತ್ತರ ಸುಲಭ: ಶಾಕ್ ಬೇಡವೇ ಬೇಡ. 2018ರವರೆಗೆ ಗೋಕಾಕದಲ್ಲೇ ಇದ್ದ ತಾಲ್ಲೂಕು, ಆದರೆ ಅಲ್ಲಿ ಗುಡ್ಡ ಎಲ್ಲಿದೆ? ಎರೆ ಭೂಮಿ, ಕಾಲುವೆ, ಕಬ್ಬು, ಸಪಾಟು ರಸ್ತೆ. ಸಪಾಟು ರಸ್ತೆಯಲ್ಲಿ ಅಗ್ಗದ ಶಾಕ್ ಅಂದ್ರೆ ಪ್ರತಿ ಪೆಡಲ್ ತುಳಿತದಲ್ಲೂ ಒಂದು ಪಾಲು ಶಕ್ತಿ ಸ್ಪ್ರಿಂಗಿಗೆ ದಾನ. ಜಾತ್ರೆಗಳ ಸೈಕಲ್ ಶರ್ಯತ್ತು ನೋಡಿ, ಗೆಲ್ಲೋ ಹುಡುಗರ ಸೈಕಲ್ಲಿನಲ್ಲಿ ಶಾಕ್ ಕಾಣುತ್ತದೇನು? ತೆಳ್ಳಗಿನ ಗಟ್ಟಿ ಫೋರ್ಕ್. ಚಂದರಗಿ ಕ್ರೀಡಾ ಶಾಲೆಯ ಸೈಕ್ಲಿಂಗ್ ಹುಡುಗರನ್ನು ನೋಡಿದವರಿಗೂ ಇದು ಗೊತ್ತು. ಶಾಲೆಗೆ, ಹೊಲಕ್ಕೆ ಓಡಾಡಲು ಗಟ್ಟಿ ಫೋರ್ಕ್, ಸ್ವಲ್ಪ ದಪ್ಪ ಟಯರ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೇ ಬ್ರೇಕ್.

ಹುಕ್ಕೇರಿ ಕಡೆ ಸ್ವಲ್ಪ ಬೇರೆ. ಹಿಡಕಲ್ ಜಲಾಶಯದ ಸುತ್ತ, ಯಮಕನಮರಡಿ ಕಡೆ ಏರಿಳಿತದ ಗರಸಿನ ದಾರಿಗಳು. ಇಲ್ಲಿ 100 ಮಿ.ಮೀ. ಆಸುಪಾಸಿನ, ಗಾಳಿ ತುಂಬುವ ಮತ್ತು ಒಳಗೆ ಆಯಿಲ್ ಇರುವ ಫೋರ್ಕ್ ನಿಜಕ್ಕೂ ಉಪಯೋಗ. ರಾಕ್‌ಶಾಕ್ಸ್ ರೀಕಾನ್, ಸನ್‌ಟೂರ್ ರೈಡಾನ್ ಅಂಥವು. ಒಂದು ಮಾತು, ಸಂಕೇಶ್ವರ ಪಕ್ಕದ ವಲ್ಲಭಗಡದ ಕೋಟೆ ಮೆಟ್ಟಿಲ ಮೇಲೆ ಮಾತ್ರ ಸೈಕಲ್ ಇಳಿಸಬ್ಯಾಡ್ರಿ. ಅದು ಜನ ಹತ್ತೋ ಜಾಗ, ಹಳೇ ಕಲ್ಲು.

ಗೋಕಾಕದ ಗುಡ್ಡವೇ ನಿಜವಾದ ಸಮಸ್ಯೆ, ನಿಜವಾದ ಆಸೆಯೂ ಅದೇ. ಫಾಲ್ಸ್ ನೀರು ಬೀಳೋದು 52 ಮೀಟರ್ ಅನ್ನುವುದು ಎಲ್ಲರಿಗೂ ಗೊತ್ತು. ಗುಡ್ಡಗಳು ಅದಕ್ಕಿಂತ ಎತ್ತರ ಇದ್ದರೂ ಹಿಮಾಲಯವೇನಲ್ಲ. ಒಂದು ಇಳಿತ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಎತ್ತರ ಕಡಿಮೆ, ಆದರೆ ಕಲ್ಲು ಚೂಪು, ಮೆಟ್ಟಿಲು ಬಹಳ, ನಡುವೆ ಜಾಲಿ ಮುಳ್ಳು. ಇಂಥಲ್ಲಿ 200 ಮಿ.ಮೀ. ಫೋರ್ಕ್ ವ್ಯರ್ಥ, ಅದು ಕೆಲಸ ಮಾಡುವಷ್ಟು ವೇಗವೇ ಬರುವುದಿಲ್ಲ. 130ರಿಂದ 150 ಮಿ.ಮೀ., 34-35 ಮಿ.ಮೀ. ದಪ್ಪದ ಒಳಕೊಳವೆ, 15 ಮಿ.ಮೀ. ಅಚ್ಚು ಇರುವ ಫೋರ್ಕ್ ಸರಿಯಾದ ಆಯ್ಕೆ. ರಾಕ್‌ಶಾಕ್ಸ್ 35, ಮಾರ್ಜೋಕಿ ಬಾಂಬರ್ ಝಡ್2 ಈ ಸಾಲಿನವು. ಆದರೆ ಅದನ್ನು ಬಿಡಿಯಾಗಿ ತಂದು ಹಳೇ ಸೈಕಲ್ಲಿಗೆ ಹಚ್ಚಬೇಡಿ. ಅಷ್ಟು ಉದ್ದದ ಫೋರ್ಕಿಗೆಂದೇ ಮಾಡಿದ ಫ್ರೇಮ್ ಇರುವ ಸೈಕಲ್ಲನ್ನೇ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಆಗಲಿ. ಹತ್ತಾರು ಸಾವಿರದ ಮಾತು, ಹೌದು. ಅಷ್ಟು ಇಲ್ಲದಿದ್ದರೆ ಗುಡ್ಡದ ಆಸೆಯನ್ನು ಒಂದು ವರ್ಷ ಮುಂದೂಡಿ ಅಂತಲೇ ನಾನು ಹೇಳೋದು, ಏಳು ಹೊಲಿಗೆಯ ಅನುಭವದಿಂದ.

ಸ್ಪ್ರಿಂಗೋ ಗಾಳಿಯೋ ಅಂತ ವಾದ ಮಾಡುವವರಿದ್ದಾರೆ. ಸ್ಪ್ರಿಂಗಿನದು ತಲೆನೋವು ಕಡಿಮೆ, ಆದರೆ ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗ್ ಬೇಕು. 50 ಕಿಲೋ ಹುಡುಗನಿಗೂ 85 ಕಿಲೋ ಅಣ್ಣನಿಗೂ ಒಂದೇ ಸ್ಪ್ರಿಂಗ್ ಆಗುವುದಿಲ್ಲ, ಬೇರೆ ಸ್ಪ್ರಿಂಗ್ ಇಲ್ಲಿ ಸಿಗಂಗಿಲ್ಲ. ಗಾಳಿಯದಾದರೆ ತೂಕಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡಬಹುದು. ಅದಕ್ಕೆ ಗಡಿಯಾರ ಇರುವ ಸಣ್ಣ ಶಾಕ್ ಪಂಪ್ ಬೇರೆ ಬರುತ್ತದೆ. ದಯವಿಟ್ಟು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬ್ಯಾಡ್ರಿ, ಒಳಗಿರುವ ಜಾಗ ಬಹಳ ಸಣ್ಣದು, ಎಷ್ಟು ಹೋಯಿತು ಅಂತ ಗೊತ್ತಾಗುವಷ್ಟರಲ್ಲಿ ಕೈ ಮೀರಿರುತ್ತದೆ. ಅಳತೆ ಹೀಗೆ: ಒಳಕೊಳವೆಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಸಡಿಲಾಗಿ ಕಟ್ಟಿ ಕೆಳಗೆ ಸರಿಸಿ, ಇಳಿಯುವಾಗ ನಿಲ್ಲುವಂತೆ ಪೆಡಲ್ ಮೇಲೆ ನಿಂತು, ಮೆಲ್ಲಗೆ ಇಳಿದು ನೋಡಿ. ಒಟ್ಟು ಉದ್ದದ ಐದರಲ್ಲಿ ಒಂದು ಪಾಲು ಟ್ಯಾಗ್ ಸರಿದಿದ್ದರೆ ಗಾಳಿ ಸರಿ ಇದೆ.

ಇನ್ನು ಧೂಳು. ಇಂಥ ಫೋರ್ಕಿನ ಕೆಳಭಾಗವನ್ನು 50 ತಾಸು ಓಡಿಸಿದ ಮೇಲೆ ಬಿಚ್ಚಿ ಒರೆಸಿ ಆಯಿಲ್ ಬದಲಿಸಬೇಕು ಅಂತ ರಾಕ್‌ಶಾಕ್ಸ್‌ನವರೇ ಹೇಳುತ್ತಾರೆ. ನಮ್ಮ ಬೇಸಿಗೆ ಧೂಳಿನಲ್ಲಿ ಅದಕ್ಕಿಂತ ಬೇಗ ಬೇಕಾದೀತು. ಈ ಮೂರೂ ತಾಲ್ಲೂಕಿನಲ್ಲಿ ಗಾಳಿ ಫೋರ್ಕ್ ಬಿಚ್ಚಿ ಜೋಡಿಸುವ ಮಿಸ್ತ್ರಿ ನನಗಂತೂ ಸಿಕ್ಕಿಲ್ಲ. ಕಾಕಾಗೆ ಕೇಳಿದರೆ, "ಸ್ಪ್ಲೆಂಡರ್ ಸೀಲ್ ಹಾಕಾವರಿಗೆ ಇದೇನ್ ದೊಡ್ಡದಲ್ಲ, ಆದ್ರ ಸೀಲ್ ಎಲ್ಲಿಂದ ತರಲಿ?" ಅಂದರು. ಕೊಳ್ಳುವ ಮೊದಲು ಸೀಲ್ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳಿ, ಬೆಳಗಾವಿಯಲ್ಲಾದರೂ ಸರಿ.

ಗುಡ್ಡ ಯಾರದು?

ಇಷ್ಟೆಲ್ಲ ಸರಿಯಾದ ಫೋರ್ಕ್ ತಂದರೂ ಇಳಿಯೋದು ಎಲ್ಲಿ? ಈಗ ಹುಡುಗರು ಬಳಸುತ್ತಿರುವ ದಾರಿ ಯೋಗಿಕೊಳ್ಳಕ್ಕೆ ನಡೆದು ಹೋಗುವ ಭಕ್ತರದ್ದು, ಕುರಿ ಮೇಯಿಸುವವರದ್ದು. ಸುತ್ತ ಅರಣ್ಯ ಇಲಾಖೆಯ ನೆಲ. ಒಬ್ಬ ಅಜ್ಜಿಗೆ ಸೈಕಲ್ ಬಡಿದ ದಿನ ಈ ಆಟ ನಿಂತುಹೋಗುತ್ತದೆ, ಕೇಸೂ ಆಗುತ್ತದೆ.

ಬೇರೆ ದಾರಿ ಇಲ್ಲವೇ? ಇದೆ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಗದಗಿನಲ್ಲಿ. 2023ರ ಅಕ್ಟೋಬರ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಕೇರಳದ ಪೊನ್ಮುಡಿ ಬೆಟ್ಟದಲ್ಲಿ ನಡೆಯಿತು, ಡೌನ್‌ಹಿಲ್ ಸಮೇತ. ಗದಗಿಗೆ ಸಾಧ್ಯವಾದದ್ದು ಗೋಕಾಕಕ್ಕೆ ಯಾಕ ಆಗಬಾರದು? ಆದರೆ ಒಂದು ಸತ್ಯ ಒಪ್ಪಿಕೊಳ್ಳಬೇಕು. 1996ರಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಹತ್ತಿ ಇಳಿಯುವ ಕ್ರಾಸ್ ಕಂಟ್ರಿ ಮಾತ್ರ, ಡೌನ್‌ಹಿಲ್ ಇಲ್ಲ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಕ್ರೀಡಾ ಇಲಾಖೆ ದುಬಾರಿ ಸೈಕಲ್ ಕೊಡಿಸೀತು ಅಂತ ನನಗೆ ಭರವಸೆ ಇಲ್ಲ. ಹಾಗಾಗಿ ಬುದ್ಧಿವಂತ ಬೇಡಿಕೆ ಅಂದ್ರೆ ಕ್ರಾಸ್ ಕಂಟ್ರಿ ಟ್ರ್ಯಾಕ್ ಕೇಳುವುದು. 100 ಮಿ.ಮೀ. ಫೋರ್ಕಿನ ಸೈಕಲ್ಲಿನಲ್ಲೇ ಆಗುವ ಆಟ ಅದು, ಇಳಿತವೂ ಅದರಲ್ಲಿ ಇದ್ದೇ ಇರುತ್ತದೆ. ಜನ ನಡೆಯದ ಒಂದು ಮೂರ್ನಾಲ್ಕು ಕಿಲೋಮೀಟರ್ ದಾರಿ ಗುರುತಿಸಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಭಾನುವಾರ ಎರಡು ತಾಸು ಬಿಟ್ಟುಕೊಟ್ಟರೂ ಸಾಕು. ಹೆಲ್ಮೆಟ್ ಇಲ್ಲದವರಿಗೆ ಪ್ರವೇಶ ಇಲ್ಲ ಅಂತ ಅಲ್ಲಿ ಹೇಳಬಹುದು. ಕದ್ದು ಇಳಿಯುವ ಕಾಲುದಾರಿಯಲ್ಲಿ ಯಾರು ಹೇಳಬೇಕು?

ಹುಡುಗರನ್ನು ಹೋದ ಭಾನುವಾರ ಮಾತಾಡಿಸಿದಾಗ ಇದನ್ನೇ ಕೇಳಿದೆ, ಅರ್ಜಿ ಬರೆದರೆ ಸಹಿ ಮಾಡ್ತೀರೇನು ಅಂತ. ಆರು ಜನ ಹೂಂ ಅಂದರು. ಏಳನೆಯವನು ತನ್ನ ಶಾಕ್ ಒತ್ತಿ ತೋರಿಸಿ, "ಅಣ್ಣಾ, ಇದರಾಗ ಆಯಿಲ್ ಐತೋ ಇಲ್ಲೋ ಹೆಂಗ ನೋಡೂದು?" ಅಂದ. ಒತ್ತಿ ಕೈ ಬಿಡು, ಟಪ್ ಅಂತ ಜಿಗಿದು ಬಂದರೆ ಇಲ್ಲ, ಮೆಲ್ಲಗೆ ಎದ್ದರೆ ಐತಿ ಅಂದೆ. ಒತ್ತಿ ಬಿಟ್ಟ. ಟಪ್ ಅಂತು. ಅವನು ಆ ದಿನ ಮತ್ತೆ ಮೇಲೆ ಹತ್ತಲಿಲ್ಲ. ಉಳಿದವರು ಹತ್ತಿದರು.